8 ಪೌಂಡ್ ಸ್ಪೈರಲ್ ಹ್ಯಾಮ್, 6 ಕ್ವಾರ್ಟ್ ಸ್ಲೋ ಕುಕ್ಕರ್: ಗ್ಲೇಜ್ ನೀರಾಗದ ಹಾಗೆ ಮಾಡೋದು ಹೇಗೆ?

ಓಹಾಯೋ_ಒಗ್ಗರಣೆ:

ಕ್ರಿಸ್‌ಮಸ್ ದಿನ ಮಧ್ಯಾಹ್ನ 1 ಗಂಟೆಗೆ ಊಟ, 12 ಜನ. ಓವನ್ ಬೆಳಗ್ಗೆಯಿಂದ ಬೇರೆ ಅಡುಗೆಗೆ ಬೇಕು, ಊಟಕ್ಕೆ ಮುಂಚೆ ಒಂದು ಕಾಲು ಗಂಟೆ ಮಾತ್ರ ಖಾಲಿ ಸಿಗುತ್ತೆ. ಅದಕ್ಕೇ ಹ್ಯಾಮನ್ನು (ಉಪ್ಪು ಹಾಕಿ ಹದ ಮಾಡಿದ ಹಂದಿ ತೊಡೆ) ಸ್ಲೋ ಕುಕ್ಕರಿನಲ್ಲಿ, ಅಂದರೆ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸೋ ಕರೆಂಟ್ ಪಾತ್ರೆಯಲ್ಲಿ ಮಾಡೋಣ ಅಂತ. ತಂದಿರೋದು ಮೂಳೆ ಸಹಿತ ಅರ್ಧ ಹ್ಯಾಮ್, 8 ಪೌಂಡ್ (ಸುಮಾರು 3.6 ಕಿಲೋ), ಸ್ಪೈರಲ್ ಕಟ್ (ಮೂಳೆಯ ಸುತ್ತ ಸುರುಳಿಯಾಗಿ ಮೊದಲೇ ಹೋಳು ಮಾಡಿದ್ದು), ಹಿಕರಿ ಮರದ ಹೊಗೆ ಹಾಕಿದ್ದು. ಕುಕ್ಕರ್ 6 ಕ್ವಾರ್ಟ್ (ಸುಮಾರು 5.7 ಲೀಟರ್), ಮೊಟ್ಟೆಯಾಕಾರದ್ದು.

ಎಷ್ಟು ಹೊತ್ತು ಇಡಬೇಕು, ಲೋನಲ್ಲೋ ಹೈನಲ್ಲೋ? ನೀರು ಹಾಕಬೇಕಾ? ನೋಡಿದ ರೆಸಿಪಿಗಳಲ್ಲೆಲ್ಲ ಮೊದಲೇ ಮೇಲೆ ಬ್ರೌನ್ ಶುಗರ್ ಸವರಿ ಇಡಿ ಅಂತಾರೆ. ಹಾಗೆ ಮಾಡಿದವರು ಗ್ಲೇಜ್ (ಮೇಲೆ ಸವರೋ ಸಿಹಿ ಪಾಕ) ಎಲ್ಲ ಇಳಿದು ತಳದಲ್ಲಿ ಸಿಹಿನೀರಾಯ್ತು ಅಂತಾರೆ. ಇನ್ನೊಂದು ತೊಂದರೆ, ಹ್ಯಾಮ್ ಇಟ್ಟರೆ ಮುಚ್ಚಳ ಎರಡು ಇಂಚು ಮೇಲೆ ನಿಲ್ಲುತ್ತೆ. ಮನೆಯಲ್ಲಿ ಜೋನಿ ಬೆಲ್ಲ ಇದೆ, ಬ್ರೌನ್ ಶುಗರ್ ಬದಲು ಅದನ್ನು ಹಾಕಬಹುದಾ ಅಂತಲೂ ಹೇಳಿ.

ಬೋನ್_ಇನ್:

ಮೊದಲು ಲೇಬಲ್ ಓದಿ, ಉಳಿದದ್ದು ಆಮೇಲೆ. "ಫುಲ್ಲಿ ಕುಕ್ಡ್" ಅಂತ ಇದ್ದರೆ ಅದು ಬೆಂದಿರೋ ಮಾಂಸ, ತಣ್ಣಗೇ ತಿನ್ನಬಹುದು, ನಿಮ್ಮ ಕೆಲಸ ಬರೀ ಬಿಸಿ ಮಾಡೋದು. ಸ್ಪೈರಲ್ ಕಟ್ ಹ್ಯಾಮ್‌ಗಳು ಸಾಮಾನ್ಯವಾಗಿ ಹೀಗೇ ಇರ್ತವೆ. ಅಮೆರಿಕದ ಕೃಷಿ ಇಲಾಖೆ ಹೇಳೋ ಪ್ರಕಾರ, ಅವರ ತಪಾಸಣೆ ಇರುವ ಕಾರ್ಖಾನೆಯಲ್ಲಿ ಪ್ಯಾಕ್ ಆದದ್ದಾದರೆ ಒಳಗೆ 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 60 ಸೆಲ್ಸಿಯಸ್ ಮುಟ್ಟಿದರೆ ಸಾಕು. ಅಂಗಡಿಯವರೇ ಬಿಚ್ಚಿ ಮತ್ತೆ ಕಟ್ಟಿಕೊಟ್ಟದ್ದು, ಇಲ್ಲಾ ಯಾರದೋ ಮನೆಯಲ್ಲಿ ಉಳಿದದ್ದು ಅಂದರೆ 165.

"ಕುಕ್ ಬಿಫೋರ್ ಈಟಿಂಗ್" ಅಂತ ಬರೆದಿದ್ದರೆ ಲೆಕ್ಕ ಬೇರೆ: 145 ಡಿಗ್ರಿ ಆಗಬೇಕು, ಆಮೇಲೆ 3 ನಿಮಿಷ ಬಿಡಬೇಕು. ಕಂಟ್ರಿ ಹ್ಯಾಮ್ ಆದರೆ ಸ್ಲೋ ಕುಕ್ಕರ್ ಯೋಚನೆಯನ್ನೇ ಬಿಡಿ. ವರ್ಜೀನಿಯಾ, ಕೆಂಟಕಿ ಕಡೆ ಒಣ ಉಪ್ಪು ಸವರಿ ತಿಂಗಳುಗಟ್ಟಲೆ ತೂಗುಹಾಕಿದ ಮಾಲು ಅದು. ನೀರಲ್ಲಿ ನೆನೆಹಾಕಿ ಉಪ್ಪು ಬಿಡಿಸದೆ ಬಾಯಿಗಿಡೋಕಾಗಲ್ಲ.

ಅದೇ ಲೇಬಲ್ಲಿನಲ್ಲಿ ಇನ್ನೊಂದು ಸಾಲು ನೋಡಿ: ಬರೀ "ಹ್ಯಾಮ್", "ವಿತ್ ನ್ಯಾಚುರಲ್ ಜ್ಯೂಸಸ್", "ವಾಟರ್ ಆಡೆಡ್", "ಹ್ಯಾಮ್ ಅಂಡ್ ವಾಟರ್ ಪ್ರಾಡಕ್ಟ್". ಈ ಕ್ರಮದಲ್ಲಿ ಕೆಳಗೆ ಹೋದಷ್ಟೂ ಪ್ರೋಟೀನ್ ಕಡಿಮೆ, ತುಂಬಿದ ಉಪ್ಪುನೀರು ಜಾಸ್ತಿ. ಆ ನೀರೆಲ್ಲ ಬಿಸಿಯಾದಾಗ ನಿಮ್ಮ ಕುಕ್ಕರಿಗೇ ಇಳಿಯೋದು. ಗ್ಲೇಜ್ ತೆಳ್ಳಗಾಯ್ತು ಅನ್ನೋ ದೂರಿಗೆ ಅರ್ಧ ಕಾರಣ ಇಲ್ಲೇ ಇದೆ.

ಪಾಕಶಾಲೆ:

ಮೇಲಿನವರು ಹೇಳಿದ್ದರ ಜೊತೆಗೆ ಒಂದು ಮಾತು: ಸ್ಲೋ ಕುಕ್ಕರಿನೊಳಗೆ ಗ್ಲೇಜ್ ಯಾವತ್ತೂ ಆಗಲ್ಲ. ಮುಚ್ಚಿದ ಪಾತ್ರೆ, ಒಳಗೆಲ್ಲ ಹಬೆ, ಶಾಖ ನೀರಿನ ಕುದಿಬಿಂದು ದಾಟಲ್ಲ. ಸಕ್ಕರೆ ಕೆಂಪಾಗೋಕೆ 160 ಸೆಲ್ಸಿಯಸ್ ಹತ್ತಿರ ಬೇಕು, ಜೊತೆಗೆ ಮೇಲ್ಮೈ ಒಣಗಿರಬೇಕು. ಅಲ್ಲಿ ಎರಡೂ ಇಲ್ಲ. ಮುಚ್ಚಳದಿಂದ ತೊಟ್ಟಿಕ್ಕೋ ನೀರು ಸಕ್ಕರೆಯನ್ನು ತೊಳೆದುಬಿಡುತ್ತೆ, ಉಪ್ಪಿನ ಮಾಂಸದ ಮೇಲೆ ಬಿದ್ದ ಸಕ್ಕರೆ ತಾನೂ ರಸ ಎಳೆಯುತ್ತೆ. ಆದ್ದರಿಂದ ಕುಕ್ಕರಿನ ಕೆಲಸ ಬಿಸಿ ಮಾಡೋದು, ಗ್ಲೇಜಿನ ಕೆಲಸ ಒಲೆಯ ಮೇಲೆ ಮತ್ತು ಬ್ರಾಯ್ಲರಿನ (ಓವನ್ನಿನೊಳಗೆ ಮೇಲಿನಿಂದ ಬೀಳೋ ಜೋರು ಉರಿ) ಕೆಳಗೆ. ಇದನ್ನು ಒಪ್ಪಿಕೊಂಡರೆ ಉಳಿದದ್ದು ಸಲೀಸು.

ಹಿಂದಿನಿಂದ ಲೆಕ್ಕ ಹಾಕಿ. ಊಟ 1ಕ್ಕೆ. 12:30ಕ್ಕೆ ಬ್ರಾಯ್ಲರ್. ಕುಕ್ಕರ್ ಶುರು 7:30ಕ್ಕೆ.

ಹ್ಯಾಮ್ ಪೂರ್ತಿ ಕರಗಿರಬೇಕು. ಹೆಪ್ಪುಗಟ್ಟಿದ್ದನ್ನು ಸ್ಲೋ ಕುಕ್ಕರಿಗೆ ಹಾಕಲೇಬಾರದು, ಒಳಗಿನ ಮಾಂಸ 40 ಮತ್ತು 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಗಂಟೆಗಟ್ಟಲೆ ಕೂತರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಫ್ರಿಜ್ಜಿನಲ್ಲಿ ಕರಗಿಸೋಕೆ 4ರಿಂದ 5 ಪೌಂಡಿಗೆ ಒಂದು ದಿನ ಬೇಕು, ನಿಮ್ಮದಕ್ಕೆ ಎರಡು ದಿನ ಇಟ್ಟುಕೊಳ್ಳಿ.

ಹೊದಿಕೆ, ಬಲೆ ಎಲ್ಲ ಬಿಚ್ಚಿ. ಮೂಳೆಯ ತುದಿಗೆ ಬಿಲ್ಲೆಯಂಥ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇರುತ್ತೆ. ಪಾರದರ್ಶಕ ಆಗಿರೋದರಿಂದ ಕಣ್ಣಿಗೆ ಬೀಳಲ್ಲ. ಬೆರಳಾಡಿಸಿ ಹುಡುಕಿ ತೆಗೆಯಿರಿ.

ಕತ್ತರಿಸಿದ ಅಗಲ ಮುಖ ಕೆಳಗೆ ಬರಬೇಕು. ಹಾಗೆ ಕೂತರೆ ಹೋಳುಗಳು ಬಿಚ್ಚಿಕೊಳ್ಳಲ್ಲ, ಒಣಗೋ ಭಾಗ ರಸದಲ್ಲಿ ಇರುತ್ತೆ. ತಳಕ್ಕೆ ಅರ್ಧ ಕಪ್, ಸುಮಾರು 120 ಮಿಲಿ ಸೇಬಿನ ರಸ. ಅಷ್ಟೇ. ಗಂಟೆ ಕಳೆಯುವಷ್ಟರಲ್ಲಿ ಹ್ಯಾಮ್ ತಾನೇ ನೀರು ಬಿಡೋಕೆ ಶುರು ಮಾಡುತ್ತೆ. ಉಪ್ಪು, ಸೋಯಾ ಸಾಸ್, ಉಪ್ಪಿರೋ ಸ್ಟಾಕ್ ಯಾವುದೂ ಬೇಡ.

ಮೊದಲ ಒಂದು ಗಂಟೆ ಹೈ, ಆಮೇಲೆ ಲೋ. ಒಟ್ಟು 4ರಿಂದ 5 ಗಂಟೆ. ಶುರು ಮಾಡಿ ಮೂರೂವರೆ ಗಂಟೆ ಆದಮೇಲೆ ಒಂದು ಸಲ ಥರ್ಮಾಮೀಟರ್ ಚುಚ್ಚಿ: ಮೂಳೆಗೆ ತಾಗಬಾರದು, ಎರಡು ಹೋಳಿನ ಸಂದಿಗೂ ಹೋಗಬಾರದು, ದಪ್ಪ ಜಾಗದ ನಡುಮಧ್ಯಕ್ಕೆ ಹೋಗಬೇಕು. ಸಂದಿಗೆ ಹೋದರೆ ಬಿಸಿ ರಸದ ಅಂಕಿ ತೋರಿಸಿ ಮೋಸ ಮಾಡುತ್ತೆ. 135 ಕಂಡರೆ ಗ್ಲೇಜ್ ಶುರು ಮಾಡಿ, 140 ಆದಾಗ ವಾರ್ಮ್‌ಗೆ ತಿರುಗಿಸಿ. ಪದೇ ಪದೇ ಮುಚ್ಚಳ ತೆಗೆಯಬೇಡಿ, ಒಂದೊಂದು ಸಲಕ್ಕೂ 15-20 ನಿಮಿಷ ಹೆಚ್ಚುತ್ತೆ. ಗಡಿಯಾರಕ್ಕಿಂತ ಥರ್ಮಾಮೀಟರಿನ ಮಾತು ಕೇಳಿ. ಹೊಸ ಕುಕ್ಕರುಗಳು ಹಳೆಯವಕ್ಕಿಂತ ಬಿಸಿ ಓಡ್ತವೆ. ಎಂಟು ಗಂಟೆ ಲೋನಲ್ಲಿ ಇಡಿ ಅನ್ನೋ ರೆಸಿಪಿ ಸ್ಪೈರಲ್ ಹ್ಯಾಮಿಗೆ ಸಲ್ಲ. ಹೋಳಾದ ಮಾಂಸ ಅಷ್ಟು ಹೊತ್ತಿಗೆ ರಸವೆಲ್ಲ ಕಳೆದುಕೊಂಡು ನಾರು ನಾರಾಗುತ್ತೆ.

ಗ್ಲೇಜ್, 8 ಪೌಂಡಿಗೆ: ಬ್ರೌನ್ ಶುಗರ್ ಒತ್ತಿ ತುಂಬಿದ 1 ಕಪ್, ಜೇನು ಕಾಲು ಕಪ್, ಕಿತ್ತಳೆ ರಸ ಕಾಲು ಕಪ್, ಡಿಜಾನ್ ಸಾಸಿವೆ ಪೇಸ್ಟ್ 2 ದೊಡ್ಡ ಚಮಚ, ಆಪಲ್ ಸೈಡರ್ ವಿನೆಗರ್ 1 ದೊಡ್ಡ ಚಮಚ, ಲವಂಗದ ಪುಡಿ ಕಾಲು ಟೀ ಚಮಚ, ಚಕ್ಕೆ ಪುಡಿ ಕಾಲು, ಮೆಣಸಿನ ಪುಡಿ ಅರ್ಧ. ಮೆಣಸು ಅಂದರೆ ಕರಿಮೆಣಸು. ದಪ್ಪ ತಳದ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ 5ರಿಂದ 7 ನಿಮಿಷ ಕುದಿಸಿ. ಒಂದೆಳೆ ಪಾಕಕ್ಕೆ ಸ್ವಲ್ಪ ಮುಂಚೆ ಇಳಿಸಬೇಕು: ಸೌಟಿನ ಹಿಂಭಾಗಕ್ಕೆ ಹತ್ತಿಕೊಳ್ಳಬೇಕು, ಬೆರಳಲ್ಲಿ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು. ಎಳೆ ಬಂದಮೇಲೂ ಕುದಿಸಿದರೆ ಹ್ಯಾಮಿನ ಮೇಲೆ ಹರಡಲ್ಲ, ಗಡ್ಡೆ ಕಟ್ಟುತ್ತೆ. ಲವಂಗ ಕಾಲು ಚಮಚ ಮೀರಬೇಡಿ, ನಾಲಿಗೆ ಜುಮ್ಮೆನ್ನುತ್ತೆ.

ಕುಕ್ಕರಿನಿಂದ ಹ್ಯಾಮನ್ನು ಎರಡು ಗಟ್ಟಿ ಸಟ್ಟುಗ ಕೊಟ್ಟು ಎತ್ತಿ, ಇಕ್ಕಳದಲ್ಲಿ ಹಿಡಿದರೆ ಹೋಳು ಕಳಚಿ ಬೀಳ್ತವೆ. ಫಾಯಿಲ್ ಹಾಸಿದ ಟ್ರೇ ಮೇಲಿಟ್ಟು ಹೊರಮೈಯನ್ನು ಪೇಪರ್ ಟವೆಲ್‌ನಿಂದ ಒತ್ತಿ ಒಣಗಿಸಿ. ಇದನ್ನು ಬಿಟ್ಟರೆ ಎಂಥ ಪಾಕವೂ ಜಾರಿಹೋಗುತ್ತೆ. ಮೂರರಲ್ಲಿ ಒಂದು ಪಾಲು ಗ್ಲೇಜನ್ನು ಹೋಳುಗಳ ಸಂದಿಗೆ ಇಳಿಬಿಡಿ, ಒಂದು ಪಾಲು ಮೇಲೆ ಬ್ರಷ್ಷಿನಲ್ಲಿ ಸವರಿ. ಬ್ರಾಯ್ಲರಿನಿಂದ ಹ್ಯಾಮಿನ ನೆತ್ತಿಗೆ 6 ಇಂಚಾದರೂ ದೂರ ಇರಲಿ. 3 ನಿಮಿಷ, ಹೊರಗೆ ತೆಗೆದು ಉಳಿದದ್ದನ್ನು ಸವರಿ, ಮತ್ತೆ 2-3 ನಿಮಿಷ. ಬಾಗಿಲ ಮುಂದೆಯೇ ನಿಂತಿರಿ. ಸಕ್ಕರೆ ಗುಳ್ಳೆ ಏಳೋದಕ್ಕೂ ಕರಕಲಾಗೋದಕ್ಕೂ ಮಧ್ಯೆ ಅರ್ಧ ನಿಮಿಷವೂ ಇರಲ್ಲ.

ಓಹಾಯೋ_ಒಗ್ಗರಣೆ:

ಲೇಬಲ್ ನೋಡಿದೆ: ಫುಲ್ಲಿ ಕುಕ್ಡ್, ವಾಟರ್ ಆಡೆಡ್. ಪಾಕಶಾಲೆಯವರೇ, ತುಂಬ ಉಪಕಾರ ಆಯ್ತು. ಮುಚ್ಚಳದ ವಿಷಯ ಮಾತ್ರ ಉಳೀತು. ಮತ್ತೆ ಕುಕ್ಕರಿನ ಒಳಪಾತ್ರೆ ಸಮೇತ ಬ್ರಾಯ್ಲರಿಗೆ ಇಟ್ಟರೆ ಎತ್ತೋ ಕಷ್ಟ ತಪ್ಪಲ್ವಾ?

ಮಂಜಿನೂರು:

ಒಳಪಾತ್ರೆಯನ್ನು ಬ್ರಾಯ್ಲರಿಗೆ ಖಂಡಿತ ಇಡಬೇಡಿ. ಪಿಂಗಾಣಿಯ ಪಾತ್ರೆ ನೇರ ಉರಿಗೆ, ಹಠಾತ್ ಶಾಖಕ್ಕೆ ಬಿರುಕು ಬಿಡುತ್ತೆ. ಕೆಲವು ಕಂಪನಿಗಳ ಪಾತ್ರೆ ಓವನ್ ಶಾಖ ತಡೆಯುತ್ತೆ, ಆದರೆ ಓವನ್‌ಗೆ ಸೈ ಅಂದರೆ ಬ್ರಾಯ್ಲರಿಗೂ ಸೈ ಅಂತಲ್ಲ. ಅಲ್ಲದೆ ಅದರಲ್ಲಿ ಹ್ಯಾಮ್ ರಸದಲ್ಲೇ ಕೂತಿರುತ್ತೆ, ಒಣ ಮೇಲ್ಮೈ ಸಿಗೋದೇ ಇಲ್ಲ.

ಮುಚ್ಚಳಕ್ಕೆ ಮೊದಲ ಉಪಾಯ: ನಿಮ್ಮದು ಸ್ಪೈರಲ್ ಕಟ್ ತಾನೇ? ಮೇಲಿನ ಕಡೆಯಿಂದ ಆರೇಳು ಹೋಳು ಬಿಡಿಸಿ ಪಕ್ಕದಲ್ಲಿ ತುರುಕಿ. ಮೂಳೆ ಮಾತ್ರ ಉದ್ದ ಇದ್ದರೆ ಅಂಗಡಿಯ ಮಾಂಸದ ವಿಭಾಗದಲ್ಲಿ ಕೇಳಿ ನೋಡಿ, ಗರಗಸದಲ್ಲಿ ತುದಿ ತೆಗೆದುಕೊಡ್ತಾರೆ. ಇನ್ನೂ ಎತ್ತರ ಬಂದರೆ ಅಡ್ಡ ಮಲಗಿಸಿ, ಕತ್ತರಿಸಿದ ಮುಖಕ್ಕೆ ಮಾತ್ರ ಒಂದು ಪದರ ಫಾಯಿಲ್ ಸುತ್ತಿ.

ಇದೆಲ್ಲ ಆಗದಿದ್ದರೆ ಫಾಯಿಲ್ ಗುಮ್ಮಟ. ಹೆವಿ ಡ್ಯೂಟಿ ಫಾಯಿಲ್ ಎರಡು ಪದರ, ಮೇಲೆ ಗೂಡಿನ ಹಾಗೆ ಎತ್ತಿ, ಅಂಚನ್ನು ಪಾತ್ರೆಯ ಬಾಯಿಗೆ ಸುತ್ತಲೂ ಬಿಗಿಯಾಗಿ ಮಡಿಸಿ. ಮುಚ್ಚಳ ಅದರ ಮೇಲೆ ಇಟ್ಟು ಓಲಾಡಿಸಬೇಡಿ, ಬೀಳುತ್ತೆ. ಒಂದು ಮಡಿಕೆಯಲ್ಲೂ ಹಬೆ ಹೊರಹೋಗುವ ಹಾಗಿದ್ದರೆ ಮೇಲ್ಭಾಗ ಬಿಸಿಯೇ ಆಗಲ್ಲ, ಯಾಕಂದರೆ ಕುಕ್ಕರಿನ ಕಾಯಿಲ್ ಇರೋದು ಸುತ್ತಲಿನ ಗೋಡೆಯಲ್ಲಿ, ಮೇಲ್ಭಾಗಕ್ಕೆ ಶಾಖ ಮುಟ್ಟಿಸೋದು ಹಬೆ ಮಾತ್ರ. ಫಾಯಿಲ್ ಇಟ್ಟರೆ ಇನ್ನೊಂದು ಮುಕ್ಕಾಲು ಗಂಟೆ ಕೈಯಲ್ಲಿಟ್ಟುಕೊಂಡು 6:45ಕ್ಕೇ ಶುರು ಮಾಡಿ. ಥರ್ಮಾಮೀಟರನ್ನೂ ದಪ್ಪ ಜಾಗದ ಜೊತೆಗೆ ಮೇಲ್ಭಾಗದಲ್ಲಿ ಇನ್ನೊಂದು ಸಲ ಚುಚ್ಚಿ.

ಮುಂದಿನ ಸಲ ಕೊಳ್ಳುವಾಗ 6 ಕ್ವಾರ್ಟಿಗೆ 7 ಪೌಂಡ್ ಒಳಗಿನದು ನೋಡಿ. ಮೂಳೆ ಸಹಿತ ತಲೆಗೆ ಅರ್ಧ ಪೌಂಡ್ ಲೆಕ್ಕ, 12 ಜನಕ್ಕೆ 6 ಪೌಂಡ್ ಧಾರಾಳ. ಶ್ಯಾಂಕ್ ಭಾಗ, ಅಂದರೆ ಕಾಲಿನ ಕೆಳಗಿನ ಅರ್ಧ, ಮೊನಚಾಗಿರೋದರಿಂದ ಎತ್ತರ ಜಾಸ್ತಿ, ಹೋಳು ಮಾಡೋದು ಸುಲಭ. ಬಟ್ ಭಾಗ ಗಿಡ್ಡ, ಮಾಂಸ ಹೆಚ್ಚು, ಆದರೆ ಸೊಂಟದ ಮೂಳೆ ವಕ್ರವಾಗಿ ಅಡ್ಡ ಬರುತ್ತೆ.

ಕಾಚಂಪುಳಿ:

ಬೆಲ್ಲದ ಬಗ್ಗೆ ಯಾರೂ ಹೇಳಲಿಲ್ಲ. ಜೋನಿ ಬೆಲ್ಲ ಇದಕ್ಕೆ ಚೆನ್ನಾಗಿ ಹೊಂದುತ್ತೆ. ಮುಕ್ಕಾಲು ಕಪ್ ಜೋನಿ ಬೆಲ್ಲ ತಗೊಂಡರೆ ಬ್ರೌನ್ ಶುಗರ್, ಜೇನು ಎರಡನ್ನೂ ಬಿಡಬಹುದು. ಕಿತ್ತಳೆ ರಸ 2 ದೊಡ್ಡ ಚಮಚಕ್ಕೆ ಇಳಿಸಿ, ಜೋನಿ ಮೊದಲೇ ತೆಳು. ಎರಡು ಎಚ್ಚರಿಕೆ. ಒಂದು, ಬೆಲ್ಲವನ್ನು ಮೊದಲು ನಾಲಿಗೆಗೆ ಹಚ್ಚಿ ನೋಡಿ, ಕೆಲವು ಬೆಲ್ಲ ಸ್ವಲ್ಪ ಉಪ್ಪುಪ್ಪಾಗಿರುತ್ತೆ. ಪಾಯಸದಲ್ಲಿ ಗೊತ್ತಾಗದೆ ಹೋಗಬಹುದು, ಹ್ಯಾಮಿನ ಉಪ್ಪಿಗೆ ಸೇರಿದರೆ ಗೊತ್ತಾಗುತ್ತೆ. ಎರಡು, ಬೆಲ್ಲ ಬ್ರಾಯ್ಲರಿನಲ್ಲಿ ಬೇಗ ಕಪ್ಪಾಗುತ್ತೆ, ಹಾಗಾಗಿ ಮೊದಲ ಸುತ್ತು 3 ನಿಮಿಷದ ಬದಲು 2ಕ್ಕೇ ನಿಲ್ಲಿಸಿ. ಅಚ್ಚು ಬೆಲ್ಲವಾದರೆ 200 ಗ್ರಾಂ ಕುಟ್ಟಿ, ಕಾಲು ಕಪ್ ನೀರಲ್ಲಿ ಕರಗಿಸಿ ಸೋಸಲೇಬೇಕು. ಮರಳು ಸಿಕ್ಕಿದರೆ ಹಲ್ಲಿಗೆ ಕಷ್ಟ.

ಡಿಜಾನ್ ಇಲ್ಲ ಅಂತ ಒಗ್ಗರಣೆ ಡಬ್ಬಿಯ ಸಾಸಿವೆ ಪುಡಿ ಮಾಡಿ ಹಾಕಬೇಡಿ, ಕಹಿ ಬರುತ್ತೆ. ಸೈಡರ್ ವಿನೆಗರ್ ಬದಲಿಗೆ ಕೊಡಗಿನ ಕಾಚಂಪುಳಿ ಇದ್ದರೆ ಅರ್ಧ ಟೀ ಚಮಚ ಸಾಕು. ಅದು ಕಾಯಿಸಿ ಗಟ್ಟಿ ಮಾಡಿದ ಹುಳಿ, ಬಣ್ಣವೂ ಕಪ್ಪು, ಗ್ಲೇಜಿನ ಹೊಳಪು ಗಾಢವಾಗುತ್ತೆ. ಒಂದು ಚಮಚ ಹಾಕಿದರೆ ಹುಳಿ ಬಿಟ್ಟು ಬೇರೇನೂ ಉಳಿಯಲ್ಲ.

ಅನಾನಸ್ ಹಾಕೋ ಮನಸ್ಸಿದ್ದರೆ ಡಬ್ಬಿಯದ್ದೇ ಹಾಕಿ. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇದೆ, ಅದು ಮಾಂಸದ ಪ್ರೋಟೀನನ್ನು ಕತ್ತರಿಸುತ್ತೆ. ಕುಕ್ಕರ್ ನಿಧಾನಕ್ಕೆ ಬಿಸಿಯಾಗೋದರಿಂದ ಕಿಣ್ವಕ್ಕೆ ಗಂಟೆಗಟ್ಟಲೆ ಅನುಕೂಲ, ಹ್ಯಾಮಿನ ಹೊರಮೈ ಹಿಟ್ಟು ಹಿಟ್ಟಾಗುತ್ತೆ. ಡಬ್ಬಿಗೆ ತುಂಬುವಾಗ ಬಿಸಿ ಮಾಡಿರೋದರಿಂದ ಅದರಲ್ಲಿ ಆ ಕಿಣ್ವ ಸತ್ತಿರುತ್ತೆ.

ಜಯನಗರ_4ನೇ_ಬ್ಲಾಕ್:

ಬೆಂಗಳೂರಲ್ಲಿ ಈ ಥರ ಇಡೀ ಹ್ಯಾಮ್ ಸುಲಭಕ್ಕೆ ಸಿಗಲ್ಲ. ಹಂದಿಯ ಹಸಿ ತೊಡೆ ತಂದು ಇದೇ ರೀತಿ ಮಾಡಬಹುದಾ?

ಬೋನ್_ಇನ್:

ಮಾಡಬಹುದು, ಆದರೆ ಆಗೋದು ಹ್ಯಾಮ್ ಅಲ್ಲ, ಸಿಹಿ ಸವರಿದ ಪೋರ್ಕ್ ರೋಸ್ಟ್. ಹ್ಯಾಮಿನ ಗುಲಾಬಿ ಬಣ್ಣ, ಆ ರುಚಿ ಬರೋದು ನೈಟ್ರೈಟ್ ಸೇರಿದ ಉಪ್ಪುನೀರಿನಲ್ಲಿ ದಿನಗಟ್ಟಲೆ ಇಟ್ಟಿದ್ದರಿಂದ. ಹಸಿ ತೊಡೆ ಬೂದು ಬಣ್ಣಕ್ಕೆ ಬೇಯುತ್ತೆ. ಮೇಲಿನ ಸಮಯದ ಲೆಕ್ಕವೂ ಹೊಂದಲ್ಲ, ಯಾಕಂದರೆ ಅದು ಬೇಯಿಸೋ ಕೆಲಸ, ಬಿಸಿ ಮಾಡೋದಲ್ಲ. ಕನಿಷ್ಠ 145 ಡಿಗ್ರಿ ಆಗಿ 3 ನಿಮಿಷ ಬಿಡಬೇಕು, ಉಪ್ಪನ್ನೂ ನೀವೇ ಹಾಕಬೇಕು.

ಮನೆಯಲ್ಲೇ ಕ್ಯೂರ್, ಅಂದರೆ ಹೀಗೆ ಉಪ್ಪುನೀರಲ್ಲಿ ಇಟ್ಟು ಹದ ಮಾಡೋ ಯೋಚನೆ ಇದ್ದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. "ಪಿಂಕ್ ಸಾಲ್ಟ್" ಅಂತ ರೆಸಿಪಿಗಳಲ್ಲಿ ಬರೋದು ಅಂಗಡಿಯಲ್ಲಿ ಸಿಗೋ ಗುಲಾಬಿ ಹಿಮಾಲಯದ ಉಪ್ಪಲ್ಲ. ಅದು ಕ್ಯೂರಿಂಗ್ ಸಾಲ್ಟ್, ನಂಬರ್ 1ರಲ್ಲಿ 6.25 ಶೇಕಡ ಸೋಡಿಯಂ ನೈಟ್ರೈಟ್ ಇರುತ್ತೆ. ತಪ್ಪಿ ಜಾಸ್ತಿ ಹಾಕಿದರೆ ವಿಷ. ಗ್ರಾಂ ಅಳೆಯೋ ತಕ್ಕಡಿ ಇಲ್ಲದೆ ಕೈ ಹಾಕೋ ಕೆಲಸವಲ್ಲ, ಅದಕ್ಕೆ ಇಲ್ಲಿ ಬೇರೆ ಚರ್ಚೆ ಶುರು ಮಾಡಿ.

ಸುಲಭ ದಾರಿ ಅಂದರೆ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಮೂಳೆಯಿಲ್ಲದ ಬೆಂದ ಹ್ಯಾಮ್ ಉಂಡೆ ಕೇಳಿ. ಒಂದು ಕಿಲೋದ್ದಕ್ಕೆ ಲೋನಲ್ಲಿ ಎರಡೂವರೆ ಗಂಟೆ ಸಾಕಾಗುತ್ತೆ, ಎರಡು ಗಂಟೆ ಆದಾಗಲೇ ಥರ್ಮಾಮೀಟರ್ ಹಾಕಿ. ಗ್ಲೇಜ್ ಕಾಲು ಭಾಗ ಮಾಡಿಕೊಳ್ಳಿ. ಬ್ರಾಯ್ಲರ್ ಇಲ್ಲದಿದ್ದರೆ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ಅರ್ಧ ಇಂಚಿನ ಹೋಳು ಮಾಡಿ, ಒಂದೊಂದು ಮಗ್ಗುಲಿಗೆ ಒಂದು ನಿಮಿಷ. ಗ್ಲೇಜನ್ನು ಕೊನೆಯ ಅರ್ಧ ನಿಮಿಷದಲ್ಲಿ ಹಾಕಬೇಕು, ಮೊದಲೇ ಹಾಕಿದರೆ ಕಾವಲಿಗೆ ಹತ್ತುತ್ತೆ. ನನ್ನನ್ನು ಕೇಳಿದರೆ ಬ್ರಾಯ್ಲರಿನದಕ್ಕಿಂತ ಇದೇ ರುಚಿ.

ಪಾಕಶಾಲೆ:

ತಳದಲ್ಲಿ ಉಳಿಯೋ ರಸದ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಅದನ್ನೇ ಬತ್ತಿಸಿ ಗ್ಲೇಜ್ ಮಾಡಿ ಅನ್ನೋ ಸಲಹೆ ಎಲ್ಲ ಕಡೆ ಇದೆ. ಓಹಾಯೋದವರದ್ದು ವಾಟರ್ ಆಡೆಡ್, ಅದರ ರಸ ಅಂದರೆ ಉಪ್ಪುನೀರು. ಮೂರನೇ ಒಂದಕ್ಕೆ ಬತ್ತಿಸಿದರೆ ಉಪ್ಪು ಮೂರು ಪಟ್ಟು. ಗ್ರೇವಿ ಬೇಕೇ ಬೇಕು ಅಂದರೆ ಅರ್ಧ ಕಪ್ ರಸಕ್ಕೆ ಒಂದೂವರೆ ಕಪ್ ಉಪ್ಪಿಲ್ಲದ ಚಿಕನ್ ಸ್ಟಾಕ್ ಸೇರಿಸಿ ಕುದಿಸಿ, 2 ದೊಡ್ಡ ಚಮಚ ಕಾರ್ನ್‌ಸ್ಟಾರ್ಚನ್ನು ಅಷ್ಟೇ ತಣ್ಣೀರಲ್ಲಿ ಕಲಸಿ ಹಾಕಿ, ಒಂದು ನಿಮಿಷ ಕೈಯಾಡಿಸಿ. ಬಿಸಿ ರಸಕ್ಕೆ ಪುಡಿಯನ್ನು ನೇರ ಸುರಿದರೆ ಗಂಟು.

ಇನ್ನೊಂದು: ಪ್ಯಾಕೆಟ್ಟಿನಲ್ಲಿ ಬರೋ ರೆಡಿ ಗ್ಲೇಜ್ ಪುಡಿ ಬರೀ ಸಿಹಿ. ಬಿಸಾಡೋಕೆ ಮನಸ್ಸಾಗದಿದ್ದರೆ ಒಂದು ಚಮಚ ವಿನೆಗರ್, ಒಂದು ಚಮಚ ಡಿಜಾನ್ ಸೇರಿಸಿದರೆ ಸುಧಾರಿಸುತ್ತೆ.

ಓಹಾಯೋ_ಒಗ್ಗರಣೆ:

ಹೋಳುಗಳ ಮೇಲೆ ಒಂದು ಕಡೆ ಹಸಿರು ಹಸಿರಾಗಿ, ನವಿಲುಗರಿ ಥರ ಮಿಂಚ್ತಾ ಇದೆ. ಕೆಟ್ಟಿದೆಯಾ?

ಮಂಜಿನೂರು:

ಬೆಳಕಿನ ಕೋನ ಬದಲಿಸಿ ನೋಡಿ. ಬಣ್ಣ ಬದಲಾದರೆ ಅಥವಾ ಮಾಯವಾದರೆ ಅದು ಬೆಳಕಿನ ಆಟ. ಕ್ಯೂರ್ ಮಾಡಿದ ಮಾಂಸವನ್ನು ನಾರಿಗೆ ಅಡ್ಡವಾಗಿ ಕತ್ತರಿಸಿದಾಗ ಕಾಣಿಸೋದೇ. ಯಾವ ಕಡೆಯಿಂದ ನೋಡಿದರೂ ಅದೇ ಹಸಿರು, ಅಥವಾ ಮುಟ್ಟಿದರೆ ಲೋಳೆ, ಹುಳಿ ವಾಸನೆ ಇದ್ದರೆ ಬಿಸಾಡಿ.

ಊಟ ಮುಗಿದ ಮೇಲೆ ಹ್ಯಾಮನ್ನು ಮೇಜಿನ ಮೇಲೆ ಬಿಡಬೇಡಿ, ಹೊರಗೆ ತೆಗೆದ 2 ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಮೂಳೆಯಿಂದ ಬಿಡಿಸಿ ಚಪ್ಪಟೆ ಡಬ್ಬಿಗಳಲ್ಲಿ ಹಾಕಿದರೆ ಬೇಗ ತಣಿಯುತ್ತೆ. ಫ್ರಿಜ್ಜಿನಲ್ಲಿ 3ರಿಂದ 5 ದಿನ, ಫ್ರೀಜರಿನಲ್ಲಿ ಒಂದೆರಡು ತಿಂಗಳು. ಮತ್ತೆ ಬಿಸಿ ಮಾಡೋಕೆ ಸ್ಲೋ ಕುಕ್ಕರ್ ಬೇಡ, ಉಳಿದ ಅಡುಗೆಯನ್ನು 165ಕ್ಕೆ ಏರಿಸೋಕೆ ಅದಕ್ಕೆ ತೀರಾ ಹೊತ್ತು ಹಿಡಿಯುತ್ತೆ. ಬಾಣಲೆ ಅಥವಾ ಮೈಕ್ರೋವೇವ್.

ಮೂಳೆ ಎಸೆಯಬೇಡಿ. ಒಂದು ಪೌಂಡ್ ಒಡೆದ ಹಸಿರು ಬಟಾಣಿ, 8 ಕಪ್ ನೀರು, ಈರುಳ್ಳಿ, ಕ್ಯಾರೆಟ್, ಒಂದು ಬೇ ಎಲೆ, ಈ ಮೂಳೆ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ, ಬಟಾಣಿ ಪೂರ್ತಿ ಕರಗಬೇಕು. ಒಲೆಯಿಂದ ಇಳಿಸಿದ ಮೇಲೆ ರುಚಿ ನೋಡಿ, ಉಪ್ಪು ಬಹುಶಃ ಬೇಕಾಗೋದೇ ಇಲ್ಲ. ಮೂಳೆಗೆ ಗ್ಲೇಜ್ ಹತ್ತಿದ್ದರೆ ಬಿಸಿನೀರಲ್ಲಿ ತೊಳೆದು ಹಾಕಿ, ಇಲ್ಲದಿದ್ದರೆ ಸೂಪ್ ಸಿಹಿ ಹೊಡೆಯುತ್ತೆ.